ಮರದ ಮದ್ದು ಯಾರದು? ಅಂತರ್ವಾಸಿ ಶಿಲೀಂಧ್ರಗಳ ಶೋಧನೆಯ ಇತಿಹಾಸ

೧

ಸಹ್ಯಾದ್ರಿಯ ಕಾಡುಗಳಲ್ಲಿ ಬೆಳೆಯುವ ಸಣ್ಣ ಮರವೊಂದಕ್ಕೆ ಕನ್ನಡದಲ್ಲಿ ದುರ್ವಾಸನೆ ಮರವೆಂಬ ಹೆಸರುಂಟು. ಮರಾಠಿಗರು ಅದನ್ನು ನರಕ್ಯಾ ಎನ್ನುತ್ತಾರೆ. ಹೂ ಬಿಟ್ಟ ಕಾಲದಲ್ಲಿ ಅದು ಹೊಮ್ಮಿಸುವ ಕೆಟ್ಟ ವಾಸನೆಯೇ ಈ ಎರಡು ಹೆಸರುಗಳಿಗೂ ಕಾರಣ. ತೇಗ, ಬೀಟೆ, ಮತ್ತಿಗಳಂತೆ ಮರಮುಟ್ಟಿಗೆ ಒದಗುವುದಲ್ಲ. ಮಾವು ಹಲಸುಗಳಂತೆ ಹಣ್ಣಿಗಾಗಿ ಯಾರೂ ಅರಸುವುದಲ್ಲ. ಬಹುಕಾಲ ಯಾರ ಕಣ್ಣಿಗೂ ಬೀಳದೆ ಬದುಕಿದ್ದ ಈ ಮರಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಠಾತ್ತನೆ ಬೆಲೆ ಬಂದಿತು. ಬೆಲೆ ಬಂದುದೇ ಅದರ ಬಾಳಿಗೆ ಕುತ್ತಾಯಿತು. ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ನಮ್ಮ ಗಾದೆ ಇಲ್ಲಿ ಇನ್ನೊಂದು ಬಗೆಯಲ್ಲಿ ನಿಜವಾಯಿತೆನ್ನಬೇಕು. ಮರದೊಳಗೆ ಅಡಗಿದ್ದ ಮದ್ದೇ ಅದರ ಬುಡಕ್ಕೆ ಕೊಡಲಿಯನ್ನು ಕರೆತಂದಿತು.

ಹಾಗಾದರೆ ಆ ಮದ್ದು ನಿಜವಾಗಿ ಮರದ್ದೇ? ಅಥವಾ ಮರದ ಒಡಲಲ್ಲಿ ಕಣ್ಣಿಗೆ ಕಾಣದಂತೆ ನೆಲೆಸಿರುವ ಶಿಲೀಂಧ್ರಗಳದೆ? ಶಿಲೀಂಧ್ರವೂ ಅದನ್ನು ತಯಾರಿಸಬಲ್ಲುದಾದರೆ ಮರವನ್ನು ಕಡಿಯದೆಯೇ ಮದ್ದನ್ನು ಪಡೆಯಬಹುದಲ್ಲವೆ? ೧೯೯೩ರಿಂದ ಈಚೆಗೆ ಜಗತ್ತಿನ ನಾನಾ ಪ್ರಯೋಗಶಾಲೆಗಳು ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿವೆ. ಆ ಹುಡುಕಾಟದ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಇತಿಹಾಸದ ಕೆಲವು ಮುಖ್ಯ ಎಳೆಗಳು ಮುಂಬಯಿ ನಗರಕ್ಕೂ ಕನ್ನಡನಾಡಿಗೂ ಸೇರಿದವಾದುದರಿಂದ ನಮ್ಮ ವಾಚಕರಿಗೆ ಇದು ದೂರದ ಕಥೆಯಾಗಲಾರದು.

೨

ಮೊದಲು ಮರದ ಹೆಸರಿನ ವಿಚಾರ. ಶಾಸ್ತ್ರೀಯವಾಗಿ ಇದನ್ನು ನೋಥಾಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯುತ್ತಾರೆ. ಈ ಹೆಸರಿನ ಉತ್ತರಾರ್ಧ ಹುಟ್ಟಿದ್ದು ಮುಂಬಯಿಯಲ್ಲಿ. ಇಲ್ಲಿ ಅಧಿಕಾರಿಯಾಗಿದ್ದ ಜಾನ್ ಗ್ರಹಾಂ ಎಂಬುವರು ಮುಂಬಯಿ ಮತ್ತು ಅದರ ಸುತ್ತಮುತ್ತಲ ಸಸ್ಯಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದು ೧೮೩೯ರಲ್ಲಿ ಪ್ರಕಟವಾಯಿತು. ಗ್ರಂಥದ ಕೆಲಸ ಮುಗಿಯುವ ಮುನ್ನವೇ ಅವರು ತೀರಿಕೊಂಡುದರಿಂದ ಅದನ್ನು ಪೂರೈಸಿದವರು ಅವರ ಮಿತ್ರ ಜೋಸೆಫ್ ನಿಮ್ಮೋ. ಆ ಮಿತ್ರನ ಹೆಸರೇ ಮರಕ್ಕೆ ಅಂಟಿ ಉಳಿಯಿತು. ಮುಂದೆ ಹಲವು ಕಾಲ ಇದನ್ನು ಮ್ಯಾಪಿಯ ಫೀಟಿಡ, ಎಂದರೆ ನಾರುವ ಮ್ಯಾಪಿಯ ಎಂದೂ ಕರೆದರು. ಮುಂದೆ ಬರುವ ಸಂಶೋಧನೆಗಳಲ್ಲಿ ಕೆಲವು ಈ ಹೆಸರಿನಲ್ಲೇ ಪ್ರಕಟವಾಗಿವೆ.

ಮರದ ಭಾಗ್ಯವನ್ನು ಬದಲಿಸಿದ ಶೋಧನೆ ನಡೆದುದು ಮಾತ್ರ ಅಮೆರಿಕೆಯಲ್ಲಿ. ಉತ್ತರ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ ಮನ್ರೋ ವಾಲ್ ಮತ್ತು ಮನಸುಖ ವಾಣಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಸಸ್ಯಸಾರಗಳಲ್ಲಿ ಕ್ಯಾನ್ಸರಿಗೆ ಔಷಧವನ್ನು ಅರಸುತ್ತಿದ್ದರು. ವಾಣಿಯವರು ೧೯೨೫ರಲ್ಲಿ ಖಾನ್‌ದೇಶದ ನಂದುರಬಾರಿನಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, ಇಲ್ಲಿನ ಭವನ್ಸ್ ಕಾಲೇಜಿನಲ್ಲಿ ಪಾಠ ಹೇಳಿ, ಅನಂತರ ಸಮುದ್ರ ದಾಟಿದವರು. ಚೀನಾದೇಶದ ಮೂಲದ ಕ್ಯಾಂಪ್ಟೊಥೀಕ ಅಕ್ಯುಮಿನೇಟ ಎಂಬ ಮರದಿಂದ ಇವರು ಬೇರ್ಪಡಿಸಿದ ಕ್ಷಾರಾಭ ದ್ರವ್ಯಕ್ಕೆ ಕ್ಯಾಂಪ್ಟೊಥೆಸಿನ್ ಎಂದು ಹೆಸರಾಯಿತು. ಅದರ ರಚನೆಯನ್ನು ೧೯೬೬ರಲ್ಲಿ ಪ್ರಕಟಿಸಿದರು.

ಮುಂದಿನ ಹೆಜ್ಜೆ ಮುಂಬಯಿಯ ಗೋರೆಗಾಂವಿನದು. ಅಲ್ಲಿನ ಸೀಬಾ ಸಂಶೋಧನ ಕೇಂದ್ರದ ನಿರ್ದೇಶಕರಾಗಿದ್ದ ಟಿ. ಆರ್. ಗೋವಿಂದಾಚಾರಿಯವರೂ ಅವರ ಸಹೋದ್ಯೋಗಿ ವಿಶ್ವನಾಥನ್ ಅವರೂ ಅದೇ ದ್ರವ್ಯ ನಮ್ಮ ದುರ್ವಾಸನೆ ಮರದಲ್ಲಿಯೂ ಇರುವುದನ್ನು ೧೯೭೨ರಲ್ಲಿ ತೋರಿಸಿಕೊಟ್ಟರು. ಚೀನೀ ಮರಕ್ಕೂ ನಮ್ಮ ಮರಕ್ಕೂ ಹತ್ತಿರದ ನಂಟಿಲ್ಲ. ಆದರೂ ಇಬ್ಬರ ಒಡಲಲ್ಲಿ ಒಂದೇ ಅಣು. ಅಷ್ಟೇ ಅಲ್ಲ, ನಮ್ಮ ಮರದಲ್ಲಿಯೇ ಅದು ಹೆಚ್ಚು ಸಮೃದ್ಧ. ಈ ವಿಸ್ಮಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಒಂದು ವಾದಕ್ಕೆ ಆಧಾರವಾಗುವುದು.

ವಿಚಿತ್ರವೆಂದರೆ, ಆ ವೇಳೆಗಾಗಲೇ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾಂಪ್ಟೊಥೆಸಿನ್ ವಿಷಕಾರಿಯೆಂದು ಕಂಡುಬಂದು ಪರೀಕ್ಷೆಗಳು ನಿಂತುಹೋದುವು. ಅದಕ್ಕೆ ಮರುಜೀವ ಬಂದುದು ೧೯೮೫ರಲ್ಲಿ. ಜೀವಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಹುರಿಗಟ್ಟಿದ ಎಳೆಗಳನ್ನು ಸಡಿಲಿಸುವ ಕಿಣ್ವವೊಂದುಂಟು. ಅದನ್ನು ಟೋಪೊಐಸೋಮರೇಸ್ ಎನ್ನುತ್ತಾರೆ. ಎಳೆಯನ್ನು ಕತ್ತರಿಸಿ, ಹುರಿ ಬಿಚ್ಚಿ, ಮತ್ತೆ ಬೆಸೆಯುವುದು ಇದರ ಕೆಲಸ. ಕ್ಯಾಂಪ್ಟೊಥೆಸಿನ್ ಈ ಬೆಸುಗೆಯನ್ನು ತಡೆಯುತ್ತದೆ. ಬಿರುಸಾಗಿ ವರ್ಧಿಸುವ ಅರ್ಬುದ ಕೋಶ ಅದರಿಂದ ಸಾಯುತ್ತದೆ. ಈ ರಹಸ್ಯ ಬಯಲಾದ ಮೇಲೆ ಮೂಲದ್ರವ್ಯವನ್ನು ಸ್ವಲ್ಪ ಮಾರ್ಪಡಿಸಿ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಎರಡು ಔಷಧಗಳನ್ನು ತಯಾರಿಸಿದರು. ಅಮೆರಿಕೆಯಲ್ಲಿ ಇವೆರಡಕ್ಕೂ ೧೯೯೬ರಲ್ಲಿ ಅನುಮತಿ ದೊರೆಯಿತು. ಔಷಧಕ್ಕೆ ಬೇಡಿಕೆ ಹುಟ್ಟಿದೊಡನೆ ಕಚ್ಚಾಮಾಲಿಗೂ ಹುಟ್ಟಿತು. ಸಹ್ಯಾದ್ರಿಯ ಕಾಡುಗಳಿಂದ ದುರ್ವಾಸನೆ ಮರದ ತೊಗಟೆಯೂ ಕಾಂಡವೂ ಬೇರೂ ಹೊರೆಹೊರೆಯಾಗಿ ಹೊರಬಿದ್ದುವು. ಬೇರನ್ನೇ ಕಿತ್ತ ಮೇಲೆ ಮರ ಚಿಗುರುವ ಮಾತೆಲ್ಲಿ?

೩

ಇದೇ ಬಗೆಯ ಸಂಕಟ ಇದಕ್ಕೆ ಮೊದಲೇ ಅಮೆರಿಕೆಯ ಪಶ್ಚಿಮ ತೀರದಲ್ಲಿ ಒದಗಿತ್ತು. ೧೯೬೨ರ ಆಗಸ್ಟಿನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಸಂಗ್ರಹಿಸಿದರು. ಅದರಿಂದ ಟ್ಯಾಕ್ಸಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಿ ೧೯೭೧ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರೂ ಅದೇ ವಾಲ್, ವಾಣಿ ಮತ್ತು ಅವರ ಸಂಗಡಿಗರು. ಅದು ಜೀವಕೋಶದ ವಿಭಜನೆಯನ್ನು ಹೇಗೆ ತಡೆಯುವುದೆಂಬುದನ್ನು ೧೯೭೯ರಲ್ಲಿ ಸೂಸನ್ ಹಾರ್ವಿಟ್ಸ್ ಅವರ ತಂಡ ವಿವರಿಸಿತು. ೧೯೯೨ರ ಡಿಸೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಬಳಸಲು ಅಮೆರಿಕೆಯ ಸರ್ಕಾರ ಅನುಮತಿಯಿತ್ತಿತು.

ಆದರೆ ಒಂದು ಕಿಲೋಗ್ರಾಂ ಟ್ಯಾಕ್ಸಾಲಿಗೆ ಸುಮಾರು ೧೦,೦೦೦ ಕಿಲೋಗ್ರಾಂ ತೊಗಟೆ ಬೇಕು. ಎಂದರೆ ಸುಮಾರು ೩,೦೦೦ ಮರಗಳು. ಯೂ ಬಹು ನಿಧಾನವಾಗಿ ಬೆಳೆಯುವ ಮರ. ತೊಗಟೆ ಸುಲಿದರೆ ಸಾಯುತ್ತದೆ. ಒಂದು ಕಡೆ ಸಾಯುತ್ತಿರುವ ಸ್ತ್ರೀಯರು, ಇನ್ನೊಂದು ಕಡೆ ಸಾಯುತ್ತಿರುವ ಕಾಡು. ಈ ಎರಡರ ನಡುವೆ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಅಲ್ಲಿನ ಸಾರ್ವಜನಿಕ ಜೀವನದಲ್ಲಿ ತೀವ್ರವಾದ ಚರ್ಚೆಯನ್ನೆಬ್ಬಿಸಿತು. ಹಿಮಾಲಯದ ಯೂ ಮರವೂ ಇದೇ ಬೇಡಿಕೆಗೆ ಗುರಿಯಾಗಿ, ೧೯೯೫ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು.

೪

ಇಂಥ ಸಂದರ್ಭದಲ್ಲಿಯೇ, ೧೯೯೩ರಲ್ಲಿ, ಮೊಂಟಾನಾ ರಾಜ್ಯದ ವಿಶ್ವವಿದ್ಯಾಲಯದಿಂದ ಒಂದು ಸುದ್ದಿ ಹೊರಟಿತು. ಆಂಡ್ರಿಯಾ ಸ್ಟಿಯರ್ಲ್, ಡೊನಾಲ್ಡ್ ಸ್ಟಿಯರ್ಲ್ ಮತ್ತು ಗ್ಯಾರಿ ಸ್ಟ್ರೋಬೆಲ್ ಎಂಬ ಮೂವರು, ಯೂ ಮರದ ಒಳತೊಗಟೆಯಲ್ಲಿ ವಾಸಿಸುವ ಸೂಕ್ಷ್ಮ ಶಿಲೀಂಧ್ರವೊಂದು ತಾನೇ ಟ್ಯಾಕ್ಸಾಲನ್ನು ತಯಾರಿಸುತ್ತದೆಂದು ಸಾರಿದರು. ಅದಕ್ಕೆ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ ಎಂದು ಹೆಸರಿಟ್ಟರು.

ಮರದೊಳಗೆ ಶಿಲೀಂಧ್ರವಿರುವುದು ಹೊಸ ಸಂಗತಿಯಲ್ಲ. ಜರ್ಮನಿಯ ಡ ಬಾರಿ ಎಂಬ ವಿದ್ವಾಂಸರು ೧೮೬೬ರಷ್ಟು ಹಿಂದೆಯೇ ಸಸ್ಯದ ಒಳಗೆ ನೆಲೆಸುವ ಜೀವಿಗಳಿಗೆ ಎಂಡೋಫೈಟ್ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಕನ್ನಡದಲ್ಲಿ ಅಂತರ್ವಾಸಿ ಎನ್ನಬಹುದು. ರೋಗ ತರುವ ಶಿಲೀಂಧ್ರದಂತೆ ಇವು ಮರವನ್ನು ಕೆಡಿಸುವುದಿಲ್ಲ. ಬಹುಮಟ್ಟಿಗೆ ಇರುವುದೇ ತಿಳಿಯದಂತೆ ಇರುತ್ತವೆ. ಇವನ್ನು ಹೊರತೆಗೆಯುವ ಕ್ರಮ ಸರಳವಾದುದು. ಎಳೆಯ ರೆಂಬೆಯನ್ನು ಮದ್ಯಸಾರದಲ್ಲೂ ಕ್ಲೋರಿನ್ನಿನ ದ್ರಾವಣದಲ್ಲೂ ಅದ್ದಿ ಮೇಲ್ಮೈಯ ಬೂಷ್ಟು ಬ್ಯಾಕ್ಟೀರಿಯಗಳನ್ನೆಲ್ಲ ಕೊಲ್ಲುತ್ತಾರೆ. ಅನಂತರ ಒಳಭಾಗದ ಚೂರುಗಳನ್ನು ಪೋಷಕ ಲೋಳೆಯ ಮೇಲಿಡುತ್ತಾರೆ. ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ನೂಲಿನೆಳೆಗಳಂತೆ ಶಿಲೀಂಧ್ರ ಹೊರಡುತ್ತದೆ. ಅದನ್ನು ಬೇರೆ ಮಾಡಿ, ಮರದ ಸಂಪರ್ಕವಿಲ್ಲದೆ ದ್ರವದಲ್ಲಿ ಬೆಳೆಸಿ, ಅದು ಯಾವ ಯಾವ ದ್ರವ್ಯಗಳನ್ನು ಸ್ರವಿಸುವುದೆಂದು ಪರೀಕ್ಷಿಸುತ್ತಾರೆ.

ಮೊಂಟಾನಾದ ಸುದ್ದಿಯಲ್ಲಿ ಆಶೆ ದೊಡ್ಡದಿದ್ದಿತು, ಪ್ರಮಾಣ ಮಾತ್ರ ಅತ್ಯಲ್ಪ: ಒಂದು ಲೀಟರಿಗೆ ೨೪ರಿಂದ ೫೦ ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ವಯಸ್ಕ ರೋಗಿಗೆ ಒಂದು ಸಲಕ್ಕೆ ಸುಮಾರು ೩೦೦ ಮಿಲಿಗ್ರಾಂ ಬೇಕೆಂದಿಟ್ಟುಕೊಂಡರೆ, ಈ ಲೆಕ್ಕದಲ್ಲಿ ಕನಿಷ್ಠ ೬೦ ಲಕ್ಷ ಲೀಟರು ದ್ರವವನ್ನು ಬೆಳೆಸಬೇಕಾಗುತ್ತದೆ. ಮೂರು ವರ್ಷಗಳ ಮೇಲೆ, ೧೯೯೬ರಲ್ಲಿ, ಸ್ಟ್ರೋಬೆಲ್ ಅವರ ತಂಡ ಹಿಮಾಲಯದ ಯೂ ಮರದಿಂದ ತೆಗೆದ ಪೆಸ್ಟಲೋಶಿಯಾಪ್ಸಿಸ್ ಮೈಕ್ರೋಸ್ಪೋರ ಎಂಬ ಶಿಲೀಂಧ್ರದಲ್ಲಿ ಇದಕ್ಕಿಂತ ಸಾವಿರಪಾಲಿಗೂ ಹೆಚ್ಚಿನ ಪ್ರಮಾಣವನ್ನು ಕಂಡುದಾಗಿ ವರದಿಮಾಡಿತು. ಇದರಿಂದ ಹಲವು ದೇಶಗಳ ಸಂಶೋಧಕರಲ್ಲಿ ಉತ್ಸಾಹ ಉಕ್ಕಿತು. ಅಪಾಯಕ್ಕೊಳಗಾದ ಮರಗಳನ್ನು ಒಂದೊಂದಾಗಿ ಹಿಡಿದು ಅವುಗಳ ಅಂತರ್ವಾಸಿಗಳನ್ನು ಶೋಧಿಸತೊಡಗಿದರು.

ಒಂದೇ ಅಣುವನ್ನು ಮರವೂ ಶಿಲೀಂಧ್ರವೂ ತಯಾರಿಸುವುದು ಸಾಧ್ಯವೆ? ಇದಕ್ಕೆ ಒಂದು ಪೂರ್ವನಿದರ್ಶನವಿದ್ದಿತು. ಬತ್ತದ ಸಸಿಗಳು ಅತಿಯಾಗಿ ಉದ್ದ ಬೆಳೆದು ಬಿದ್ದುಹೋಗುವ ರೋಗಕ್ಕೆ ಶಿಲೀಂಧ್ರವೊಂದು ಸ್ರವಿಸುವ ದ್ರವ್ಯವೇ ಕಾರಣವೆಂದು ೧೯೨೬ರಲ್ಲಿ ಜಪಾನಿನ ಕುರೊಸಾವಾ ತೋರಿಸಿದ್ದರು. ೧೯೩೫ರಲ್ಲಿ ಯಬುತಾ ಅದಕ್ಕೆ ಜಿಬ್ಬೆರೆಲಿನ್ ಎಂದು ಹೆಸರಿಟ್ಟರು. ಆಮೇಲೆ, ೧೯೫೦ರ ದಶಕದಲ್ಲಿ, ಅದೇ ಜಾತಿಯ ದ್ರವ್ಯಗಳು ರೋಗವಿಲ್ಲದ ಸಸ್ಯಗಳಲ್ಲೂ ಸ್ವಾಭಾವಿಕವಾಗಿ ಇರುವುದು ತಿಳಿಯಿತು. ಯೂ ಮರದಿಂದ ಶಿಲೀಂಧ್ರಕ್ಕೆ, ಅಥವಾ ಶಿಲೀಂಧ್ರದಿಂದ ಮರಕ್ಕೆ, ಟ್ಯಾಕ್ಸಾಲಿನ ವಂಶವಾಹಿಗಳು ಎಂದೋ ಹಾದುಹೋಗಿರಬಹುದೆಂದು ಕೆಲವರು ಊಹಿಸಿದರು. ನಂಟಿಲ್ಲದ ಎರಡು ಮರಗಳಲ್ಲಿ ಒಂದೇ ಕ್ಯಾಂಪ್ಟೊಥೆಸಿನ್ ದೊರೆಯುವುದಕ್ಕೂ ಇಂಥ ನಡುವರ್ತಿಯೊಂದು ಕಾರಣವಾಗಿರಬಾರದೇಕೆ ಎಂಬ ವಾದಕ್ಕೂ ಎಡೆಯಾಯಿತು. ಆದರೆ ಜಿಬ್ಬೆರೆಲಿನ್ನಿನ ವಿಷಯದಲ್ಲಿ ಸಸ್ಯವೂ ಶಿಲೀಂಧ್ರವೂ ಆ ವಿದ್ಯೆಯನ್ನು ಒಂದರಿಂದೊಂದು ಪಡೆದಿಲ್ಲ, ಬೇರೆ ಬೇರೆಯಾಗಿಯೇ ರೂಢಿಸಿಕೊಂಡಿವೆ ಎಂದು ಮುಂದೆ ವಂಶವಾಹಿಗಳ ಅಧ್ಯಯನದಿಂದ ಸ್ಥಿರಪಟ್ಟಿತು. ನಿದರ್ಶನ ಸಾಧ್ಯತೆಯನ್ನು ತೋರಿಸಿತೇ ಹೊರತು ಊಹೆಯನ್ನು ಸಮರ್ಥಿಸಲಿಲ್ಲ.

೫

ದುರ್ವಾಸನೆ ಮರದ ಸರದಿ ಬಂದುದು ೨೦೦೫ರಲ್ಲಿ. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದವರೂ ಜರ್ಮನಿಯ ಡಾರ್ಟ್‌ಮುಂಡಿನ ಮೈಕೇಲ್ ಸ್ಪಿಟೆಲರ್ ಅವರೂ ಕೂಡಿ, ಈ ಮರದ ಅಂತರ್ವಾಸಿ ಶಿಲೀಂಧ್ರವೊಂದು ಕ್ಯಾಂಪ್ಟೊಥೆಸಿನ್ನನ್ನು ತಯಾರಿಸುವುದೆಂದು ಪ್ರಕಟಿಸಿದರು. ೨೦೦೯ರಲ್ಲಿ ಚೀನೀ ಮರದ ಅಂತರ್ವಾಸಿಯಾದ ಫ್ಯುಸೇರಿಯಂ ಸೊಲಾನಿಯ ಬಗೆಗೂ ಡಾರ್ಟ್‌ಮುಂಡಿನಿಂದ ಅಂಥದೇ ವರದಿ ಬಂದಿತು. ೨೦೧೦ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ಸಂಗಡಿಗರು ಪಶ್ಚಿಮಘಟ್ಟದ ಅಪೊಡೈಟಿಸ್ ಡಿಮಿಡಿಯೇಟ ಎಂಬ ಇನ್ನೊಂದು ಮರದ ಫ್ಯುಸೇರಿಯಂ ತಳಿಗಳಲ್ಲಿ ಈ ದ್ರವ್ಯವನ್ನು ಕಂಡರು.

ಆದರೆ ಬೆಂಗಳೂರಿನವರು ಅಲ್ಲಿಗೇ ನಿಲ್ಲಲಿಲ್ಲ. ಅವರ ಕೆಲಸದ ಹಿರಿಮೆಯಿರುವುದು ಇಲ್ಲಿಯೇ. ಅಂತರ್ವಾಸಿಗಳಿಂದ ಇಷ್ಟೊಂದು ನಿರೀಕ್ಷಿಸಬಹುದೆ ಎಂಬ ಪ್ರಶ್ನೆಯನ್ನು ೨೦೦೯ರಲ್ಲಿಯೇ ಅವರು ಬಹಿರಂಗವಾಗಿ ಎತ್ತಿದ್ದರು. ದುರ್ವಾಸನೆ ಮರದಿಂದ ತೆಗೆದ ಶಿಲೀಂಧ್ರವನ್ನು ಪ್ರಯೋಗಶಾಲೆಯಲ್ಲಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸಾಗಿಸುತ್ತ ಹೋದಂತೆ ಕ್ಯಾಂಪ್ಟೊಥೆಸಿನ್ನಿನ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದನ್ನು ಅವರು ಅಳೆದು ತೋರಿಸಿದರು. ಶಿಲೀಂಧ್ರ ಬೆಳೆಯುತ್ತದೆ, ಮದ್ದು ಕ್ಷೀಣಿಸುತ್ತದೆ.

ಇದಕ್ಕೆ ಎರಡು ವ್ಯಾಖ್ಯಾನಗಳುಂಟು. ಶಿಲೀಂಧ್ರಕ್ಕೆ ಆ ವಿದ್ಯೆ ನಿಜವಾಗಿ ತಿಳಿದಿದ್ದು, ಮರದಿಂದ ದೊರೆಯುತ್ತಿದ್ದ ಪ್ರಚೋದನೆಯಿಲ್ಲದೆ ಅದು ಮರೆತುಹೋಗುತ್ತದೆಂಬುದು ಒಂದು. ಮರದೊಳಗಿದ್ದಾಗ ಹೀರಿಕೊಂಡಿದ್ದ ದ್ರವ್ಯವೇ ಮೊದಲ ತಲೆಮಾರುಗಳಲ್ಲಿ ಉಳಿದಿದ್ದು, ಕ್ರಮೇಣ ತೆಳುವಾಗುತ್ತ ಹೋಗುತ್ತದೆಂಬುದು ಇನ್ನೊಂದು. ಎರಡನೆಯದು ನಿಜವಾದರೆ ಶಿಲೀಂಧ್ರ ಉತ್ಪಾದಕನಲ್ಲ. ಒಡೆಯನ ಉಗ್ರಾಣದಿಂದ ಒಂದಿಷ್ಟು ಕಾಳು ಸೆರಗಿಗೆ ಅಂಟಿಸಿಕೊಂಡು ಬಂದವನು ಮಾತ್ರ.

ಡಾರ್ಟ್‌ಮುಂಡಿನವರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನ ಮೊದಲ ವ್ಯಾಖ್ಯಾನಕ್ಕೆ ಒಂದು ನಡುಹಾದಿಯನ್ನು ಒದಗಿಸಿತು. ಕ್ಯಾಂಪ್ಟೊಥೆಸಿನ್ನಿನ ತಯಾರಿಕೆ ಹಲವು ಮೆಟ್ಟಿಲುಗಳ ಕೆಲಸ. ಮೊದಲ ಕೆಲವು ಮೆಟ್ಟಿಲುಗಳಿಗೆ ಬೇಕಾದ ವಂಶವಾಹಿಗಳು ಫ್ಯುಸೇರಿಯಂನಲ್ಲಿ ಉಂಟು. ಆದರೆ ನಡುವಣ ನಿರ್ಣಾಯಕವಾದ ಒಂದು ಕಿಣ್ವಕ್ಕೆ ಅದು ಆತಿಥೇಯ ಮರವನ್ನೇ ಆಶ್ರಯಿಸುತ್ತದೆ ಎಂದು ಅವರು ಹೇಳಿದರು. ಟ್ಯಾಕ್ಸಾಲಿನ ವಿಷಯದಲ್ಲಿ ಬಂದ ತೀರ್ಪು ಇನ್ನೂ ಕಟುವಾದುದು. ೨೦೧೩ರಲ್ಲಿ ಜರ್ಮನಿಯ ಸಂಶೋಧಕರು ಯೂ ಮರಗಳ ಅಂತರ್ವಾಸಿಗಳನ್ನು, ೧೯೯೩ರ ಆ ಪ್ರಸಿದ್ಧ ಶಿಲೀಂಧ್ರವನ್ನೂ ಒಳಗೊಂಡು, ಪುನಃ ಪರೀಕ್ಷಿಸಿ, ಇವು ಸ್ವತಂತ್ರವಾಗಿ ಟ್ಯಾಕ್ಸಾಲನ್ನು ತಯಾರಿಸುತ್ತವೆ ಎಂಬುದಕ್ಕೆ ಪುರಾವೆ ದೊರೆಯಲಿಲ್ಲವೆಂದು ಪ್ರಕಟಿಸಿದರು.

ವಾಸ್ತವವಾಗಿ ಪೆಸಿಫಿಕ್ ಯೂ ಮರವನ್ನು ಕೊಡಲಿಯಿಂದ ಪಾರುಮಾಡಿದುದು ಶಿಲೀಂಧ್ರವಲ್ಲ. ಫ್ರಾನ್ಸಿನ ಪಿಯೇರ್ ಪೋಟಿಯೇ ಅವರ ತಂಡ ಯೂರೋಪಿನ ಯೂ ಮರದ ಎಲೆಗಳಲ್ಲಿ ಟ್ಯಾಕ್ಸಾಲಿನ ಪೂರ್ವರೂಪವಾದ ದ್ರವ್ಯವೊಂದನ್ನು ಧಾರಾಳವಾಗಿ, ಎಂದರೆ ಒಂದು ಕಿಲೋಗ್ರಾಂ ಹಸಿ ಎಲೆಗೆ ಸುಮಾರು ಒಂದು ಗ್ರಾಂನಷ್ಟು, ಕಂಡುಹಿಡಿದಿತ್ತು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಆ ದ್ರವ್ಯವನ್ನು ಟ್ಯಾಕ್ಸಾಲಾಗಿ ಮಾರ್ಪಡಿಸುವ ಸಮರ್ಥ ವಿಧಾನವನ್ನು ಅಮೆರಿಕೆಯ ರಾಬರ್ಟ್ ಹೋಲ್ಟನ್ ರೂಪಿಸಿದರು. ಮುಂದೆ ಯೂ ಮರದ ಜೀವಕೋಶಗಳನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುವ ಕ್ರಮವೂ ಬಂದಿತು.

೬

ಹಾಗಾದರೆ ಅಂತರ್ವಾಸಿಗಳ ಕಥೆಯೆಲ್ಲ ಹುಸಿಯೆಂದು ಕೈಬಿಡಬಹುದೆ? ಹಾಗೆ ತೀರ್ಮಾನಿಸುವುದು ಅವಸರವಾದೀತು. ಎರಡು ಪ್ರಸಂಗಗಳನ್ನು ಇಲ್ಲಿ ಸ್ಮರಿಸುವುದು ಉಚಿತ.

ಮೊದಲನೆಯದು ಒಂದು ಬಳ್ಳಿಯದು. ಗೆಣಸಿನ ಬಳ್ಳಿಯ ಬಳಗಕ್ಕೆ ಸೇರಿದ ಮೆಕ್ಸಿಕೋ ದೇಶದ ಬಳ್ಳಿಯೊಂದರ ಬೀಜಗಳಲ್ಲಿ, ಅದುವರೆಗೆ ಶಿಲೀಂಧ್ರಗಳಲ್ಲಿ ಮಾತ್ರ ಇರುವುವೆಂದು ನಂಬಿದ್ದ ಎರ್ಗಟ್ ಕ್ಷಾರಾಭಗಳಿರುವುದನ್ನು ೧೯೬೦ರಲ್ಲಿ ಸ್ವಿಸ್ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಪ್ರಯೋಗದಲ್ಲಿ ಏನೋ ಕಲಬೆರಕೆಯಾಗಿರಬೇಕೆಂದರು. ಹಾಫ್‌ಮನ್ನರ ಅಳತೆ ಸರಿಯಾಗಿಯೇ ಇತ್ತು. ನಾಲ್ಕು ದಶಕಗಳ ಮೇಲೆ ಜರ್ಮನಿಯ ವಿಜ್ಞಾನಿಗಳು ಇದೇ ಬಳಗದ ಬಳ್ಳಿಗೆ ಶಿಲೀಂಧ್ರನಾಶಕವನ್ನು ಹಾಕಿ ನೋಡಿದರು. ಶಿಲೀಂಧ್ರದೊಡನೆ ಕ್ಷಾರಾಭವೂ ಮಾಯವಾಯಿತು. ಬಳ್ಳಿಯೊಡನೆ ಬೀಜದ ಮೂಲಕವೇ ತಲೆಮಾರುಗಳಿಂದ ಸಾಗಿಬಂದಿದ್ದ ಆ ಶಿಲೀಂಧ್ರಕುಲಕ್ಕೆ ೨೦೧೧ರಲ್ಲಿ ಪೆರಿಗ್ಲಾಂಡುಲ ಎಂಬ ನಾಮಕರಣವಾಯಿತು. ಸಸ್ಯದ್ದೆಂದು ತಿಳಿದಿದ್ದ ದ್ರವ್ಯ ಇಲ್ಲಿ ನಿಸ್ಸಂದೇಹವಾಗಿ ಅಂತರ್ವಾಸಿಯದೇ.

ಎರಡನೆಯದು ಅಮೆರಿಕೆಯ ಫ್ಲಾರಿಡಾ ಪ್ರಾಂತದ ಟೊರೇಯ ಮರದ ವೃತ್ತಾಂತ. ಅಪಲಾಚಿಕೋಲಾ ನದಿಯ ದಡದ ಕಣಿವೆಗಳಲ್ಲಿ ಮಾತ್ರ ಬೆಳೆಯುವ ಈ ಮರವನ್ನು ಅಲ್ಲಿನ ಜನರೂ ದುರ್ವಾಸನೆಯ ಸೀಡರ್ ಎಂದೇ ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ನಡುವೆ ಈ ಮರಗಳಿಗೆ ರೋಗ ಹತ್ತಿ ಬಹುಪಾಲು ನಾಶವಾದುವು. ೧೯೮೪ರಲ್ಲಿ ಸರ್ಕಾರ ಇದನ್ನು ಅಳಿವಿನಂಚಿನ ಮರವೆಂದು ಘೋಷಿಸಿತು. ಇದರ ಅಂತರ್ವಾಸಿಯಾದ ಪೆಸ್ಟಲೋಶಿಯಾಪ್ಸಿಸ್ ಮೈಕ್ರೋಸ್ಪೋರವನ್ನು ಸ್ಟ್ರೋಬೆಲ್, ಜಾನ್ ಕ್ಲಾರ್ಡಿ ಮೊದಲಾದವರು ೧೯೯೫ರಲ್ಲಿ ಪರಿಶೀಲಿಸಿದರು. ಮರ ಆರೋಗ್ಯದಿಂದಿರುವಷ್ಟು ಕಾಲ ಸುಮ್ಮನಿರುವ ಈ ಶಿಲೀಂಧ್ರ, ಮರ ದುರ್ಬಲವಾದಾಗ ವಿಷವನ್ನು ಸ್ರವಿಸಿ ಅದನ್ನೇ ಪೀಡಿಸಬಹುದೆಂದು ಅವರಿಗೆ ತೋರಿತು. (ಮುಂದೆ ಆ ರೋಗಕ್ಕೆ ಮುಖ್ಯ ಕಾರಣವೆಂದು ೨೦೧೩ರಲ್ಲಿ ಹೆಸರು ಪಡೆದುದು ಬೇರೊಂದು ಶಿಲೀಂಧ್ರ, ಫ್ಯುಸೇರಿಯಂ ಟೊರೇಯೆ.) ಮಾರನೆಯ ವರ್ಷ ಅದೇ ಪೆಸ್ಟಲೋಶಿಯಾಪ್ಸಿಸ್‌ನಿಂದ ಅರ್ಬುದ ಕೋಶಗಳನ್ನು ಕೊಲ್ಲಬಲ್ಲ ಹೊಸ ಸಂಯುಕ್ತವೊಂದು ದೊರೆಯಿತು. ಅದನ್ನು ಟೊರೇಯಾನಿಕ್ ಆಮ್ಲವೆಂದು ಕರೆದರು. ಇದು ಮರದ ಮದ್ದಿನ ನಕಲಲ್ಲ. ಶಿಲೀಂಧ್ರದ ಸ್ವಂತ ಸೃಷ್ಟಿ. ಆದರೂ ಆಶ್ರಯ ಕೊಟ್ಟ ಮರದ ಹೆಸರನ್ನೇ ಹೊತ್ತಿತು.

೭

ಈ ಇತಿಹಾಸದಿಂದ ಹೊರಡುವ ತಾತ್ಪರ್ಯವೇನು? ಮರದ ಮದ್ದನ್ನು ಶಿಲೀಂಧ್ರದ ಕೈಯಲ್ಲಿ ಮಾಡಿಸಿ ಮರವನ್ನು ಉಳಿಸುತ್ತೇವೆಂಬ ಆಶೆ ಮೂವತ್ತು ವರ್ಷಗಳಾದರೂ ಕೈಗೂಡಿಲ್ಲ. ಅದೇ ವೇಳೆ, ಯಾರೂ ನಿರೀಕ್ಷಿಸದಿದ್ದ ಹೊಸ ಸಂಯುಕ್ತಗಳು ಆ ಹುಡುಕಾಟದಲ್ಲಿ ದೊರೆತಿವೆ. ಆಶೆಯ ಬಗೆಗೆ ಹೇಳುವುದಾದರೆ, ಪ್ರಯೋಗಶಾಲೆಯಲ್ಲಿ ಶಿಲೀಂಧ್ರವಿದೆಯಲ್ಲ, ಇನ್ನು ಕಾಡೇಕೆ ಎಂಬ ಮಾತಿಗೆ ವಿಜ್ಞಾನದ ಬೆಂಬಲವಿಲ್ಲವೆಂಬುದು ಬೆಂಗಳೂರಿನ ತಟ್ಟೆಗಳಲ್ಲಿಯೇ ಸಿದ್ಧವಾಗಿದೆ: ಮರದಿಂದ ಅಗಲಿದ ಶಿಲೀಂಧ್ರದ ಕೈಯಲ್ಲಿ ಮದ್ದು ಉಳಿಯಲಿಲ್ಲ. ಹೊಸ ಸಂಯುಕ್ತಗಳ ಬಗೆಗೆ ಹೇಳುವುದಾದರೆ, ಒಂದು ಮರ ಅಳಿದಾಗ ಅಳಿಯುವುದು ಒಂದು ಜೀವವಲ್ಲ, ಅದರೊಳಗಿನ ಒಂದು ಸಮುದಾಯ. ಅವುಗಳಲ್ಲಿ ಎಷ್ಟಕ್ಕೋ ಇನ್ನೂ ಯಾರೂ ಹೆಸರಿಟ್ಟಿಲ್ಲ.

ನಮ್ಮ ದೇಶದ ೨೦೦೨ರ ಜೀವವೈವಿಧ್ಯ ಕಾಯಿದೆ ಗಿಡಮರಗಳೊಡನೆ ಸೂಕ್ಷ್ಮಜೀವಿಗಳನ್ನೂ ರಾಷ್ಟ್ರದ ಸಂಪತ್ತೆಂದು ಎಣಿಸುತ್ತದೆ. ಅವನ್ನು ಪಡೆಯಲು ವಿದೇಶೀಯರು ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆಯನ್ನು ಪಡೆಯಬೇಕು. ಕಾಯಿದೆ ಒಳ್ಳೆಯದು. ಆದರೆ ರೆಂಬೆಯ ಒಳಗಿರುವುದನ್ನು ರೆಂಬೆಯಿಲ್ಲದೆ ಯಾವ ಕಾಯಿದೆಯೂ ಕಾಯಲಾರದು. ಗ್ರಹಾಂ ಅವರ ಪಟ್ಟಿಯಲ್ಲಿ ೧೮೩೯ರಲ್ಲಿ ಸೇರಿದ ಮರದಲ್ಲಿ ಮದ್ದಿದೆಯೆಂದು ತಿಳಿಯಲು ೧೩೩ ವರ್ಷಗಳು ಹಿಡಿದುವು. ಅದರೊಳಗಿನ ಶಿಲೀಂಧ್ರದ ಕಡೆಗೆ ಕಣ್ಣು ಹಾಯಲು ಇನ್ನೂ ೩೩ ವರ್ಷಗಳು. ಅಷ್ಟು ಕಾಲ ಮರ ನಿಂತಿದ್ದುದರಿಂದಲೇ ಈ ಶೋಧನೆಗಳೆಲ್ಲ ಸಾಧ್ಯವಾದುವು. ಮದ್ದು ಯಾರದೆಂಬ ಪ್ರಶ್ನೆಗೆ ಇಂದು ಕೊಡಬಹುದಾದ ಉತ್ತರ ಇಷ್ಟೆ: ಕ್ಯಾಂಪ್ಟೊಥೆಸಿನ್ನೂ ಟ್ಯಾಕ್ಸಾಲೂ ಪ್ರಧಾನವಾಗಿ ಮರದವು, ಬಳ್ಳಿಯ ಕ್ಷಾರಾಭವೂ ಟೊರೇಯಾನಿಕ್ ಆಮ್ಲವೂ ಅಂತರ್ವಾಸಿಯವು, ಎರಡೂ ಉಳಿಯಬೇಕಾದರೆ ಬೇಕಾದುದು ಬೇರೂರಿ ನಿಂತ ಮರ.